ಮೇಲೆ ಯಾವುದು, ಕೆಳಗೆ ಯಾವುದು: ಅಂಟಾರ್ಕ್ಟಿಕಾದಲ್ಲಿ ಐಸ್ ಕೋರ್ ತೆಗೆದ ನನ್ನ ಅನುಭವ

2023ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ಸುತ್ತ ಕಡಲ ನೀರೇ ಹೆಪ್ಪುಗಟ್ಟಿ ತೇಲುವ ಹಿಮ ಸುಮಾರು 17.9 ಲಕ್ಷ ಚದರ ಕಿಲೋಮೀಟರಿಗೆ ಇಳಿಯಿತು. ಉಪಗ್ರಹಗಳು ಅಳೆಯಲು ಶುರು ಮಾಡಿದ ಮೇಲೆ ಅಷ್ಟು ಕಡಿಮೆಯಾಗಿದ್ದು ಅದೇ ಮೊದಲು. ಆದರೆ ಉಪಗ್ರಹಗಳ ನಿರಂತರ ಲೆಕ್ಕ ಸಿಗುವುದು 1979ರ ಆಸುಪಾಸಿನಿಂದ ಮಾತ್ರ. ಅದಕ್ಕೂ ಹಿಂದೆ ಹೀಗೆ ಆಗಿತ್ತಾ? ಇದು ಹೊಸ ಅಪಾಯವೋ, ಹಿಂದೆಯೂ ಬಂದು ಹೋಗಿದ್ದೋ? ಅದನ್ನು ಹಿಮವನ್ನೇ ಕೇಳಬೇಕು. ಹಾಗೆ ಕೇಳುವುದೇ ನನ್ನ ಕೆಲಸ.

ಐಸ್ ಕೋರ್ ಅಂದರೆ ಹಿಮದೊಳಗೆ ಕೊರೆದು ತೆಗೆದ ಉದ್ದನೆಯ ಕಂಬ. ಖಂಡದ ಒಳಭಾಗದ ಡೋಮ್ ಸಿ ಎಂಬಲ್ಲಿ ತೆಗೆದ ಕೋರ್ 8 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ. ನಮ್ಮದು ಅಂಥದ್ದಲ್ಲ. ಸುಮಾರು 50 ಮೀಟರ್, ಹೆಚ್ಚೆಂದರೆ ನೂರು ವರ್ಷದ ಕಥೆ. ಆದರೆ ಕಡಲಿನ ವಿಷಯ ಕೇಳಬೇಕಾದರೆ ಕಡಲ ಹತ್ತಿರವೇ ಕೊರೆಯಬೇಕು. ಅಲ್ಲಿ ಹಿಮ ಜಾಸ್ತಿ ಬೀಳುವುದರಿಂದ ಒಂದೊಂದು ವರ್ಷವೂ ದಪ್ಪ ಪದರವಾಗಿ ಸಿಗುತ್ತದೆ.

ಭಾರತದ ಸಂಶೋಧನಾ ನಿಲ್ದಾಣ ಮೈತ್ರಿ ಇರುವುದು ಶಿರ್ಮಾಕರ್ ಓಯಸಿಸ್ ಎಂಬ ಹಿಮವಿಲ್ಲದ ಕಲ್ಲುನೆಲದಲ್ಲಿ. ಅದರ ಉತ್ತರಕ್ಕೆ, ನೆಲದ ಹಿಮವೇ ಕಡಲ ಮೇಲೆ ಚಾಚಿ ತೇಲುವ ದೊಡ್ಡ ಹಿಮಹಾಸು ಇದೆ. ಅಲ್ಲಿ ಕೊರೆದರೆ ಒಂದು ತೊಂದರೆ. ಆ ಹಿಮ ಬೇರೆಲ್ಲೋ ಬಿದ್ದು, ಹರಿದು ಬಂದದ್ದಿರುತ್ತದೆ. ಅದಕ್ಕೇ ನಾವು ಕರಾವಳಿಯ ಹಿಮದಿಬ್ಬ ಹುಡುಕುತ್ತೇವೆ. ಅದರ ಬುಡ ನೆಲಕ್ಕೆ ತಾಗಿರುತ್ತದೆ. ನೆತ್ತಿಯ ಮೇಲೆ ಬಿದ್ದ ಹಿಮ ಅತ್ತಿತ್ತ ಸರಿಯುವುದು ತೀರಾ ಕಡಿಮೆ, ಪದರದ ಮೇಲೆ ಪದರ ಸಾಲಾಗಿ ಕೂತಿರುತ್ತದೆ. ಮೊದಲು ರಾಡಾರ್ ಎಳೆದುಕೊಂಡು ಓಡಾಡಿ ಪದರಗಳು ನೆಟ್ಟಗಿವೆಯೇ, ಎಲ್ಲಾದರೂ ಬಿರುಕು ಅಡಗಿದೆಯೇ ಎಂದು ನೋಡಿಕೊಂಡೆವು. ಇದಕ್ಕೇ ಎರಡು ದಿನ ಹೋಯಿತು. ಹೋಗಲಿ, ಇಲ್ಲಿ ಅವಸರ ಮಾಡಿದವರನ್ನು ಬಿರುಕು ಬಿಡುವುದಿಲ್ಲ.

ಕೊರೆಯುವುದು ರಾತ್ರಿ ಹೊತ್ತು. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ, ಆದರೆ ರಾತ್ರಿ ಕೆಳಗಿಳಿದಿರುತ್ತಾನೆ, ಚಳಿ ಹೆಚ್ಚಿರುತ್ತದೆ. ಹಗಲಲ್ಲಿ ಡ್ರಿಲ್ ಬಿಸಿಯಾದರೆ ಕೊರೆದ ಪುಡಿ ಕರಗುತ್ತದೆ, ಗುಂಡಿಯೊಳಗೆ ಮತ್ತೆ ಹೆಪ್ಪುಗಟ್ಟಿ ಡ್ರಿಲ್ಲನ್ನೇ ಹಿಡಿದುಬಿಡುತ್ತದೆ. ವಾಹನ ಯಾವಾಗಲೂ ಗಾಳಿ ಬೀಸಿ ಹೋಗುವ ಕಡೆ ನಿಲ್ಲಬೇಕು, ಡೀಸೆಲ್ ಹೊಗೆ ಕೋರ್ ಕಡೆ ಬರಬಾರದು. ಬರಿಗೈಯಲ್ಲಿ ಮುಟ್ಟುವ ಹಾಗೇ ಇಲ್ಲ. ನಾವು ಹುಡುಕುತ್ತಿರುವುದೇ ಅಷ್ಟು ಕಡಿಮೆ ಉಪ್ಪು. ಒಂದು ಬೆರಳಿನ ಬೆವರು ಸಾಕು, ಆ ತುಂಡಿನ ಲೆಕ್ಕ ಹಾಳು.

ಒಂದು ಸಲಕ್ಕೆ ಅರ್ಧ ಮೀಟರಿಗಿಂತ ಸ್ವಲ್ಪ ಉದ್ದದ ತುಂಡು ಬರುತ್ತದೆ. ಟ್ರೇ ಮೇಲೆ ಇಡು, ಉದ್ದ ಅಳೆ, ತೂಕ ನೋಡು, ಬರೆ, ಚೀಲಕ್ಕೆ ಹಾಕು. ಮೇಲಿನ ತುಂಡುಗಳು ಒತ್ತಿದ ಸಕ್ಕರೆ ಹರಳಿನ ಹಾಗೆ, ಸ್ವಲ್ಪ ಒರಟಾಗಿ ಹಿಡಿದರೆ ಉದುರುತ್ತವೆ. ಕೆಳಗೆ ಹೋದಂತೆ ಗಟ್ಟಿ, ತೂಕ. ಒಂದು ತುಂಡಿನಲ್ಲಿ ಬಿಳಿಯ ನಡುವೆ ಗಾಜಿನಂಥ ತೆಳು ಗೆರೆ ಕಂಡಿತು, ಎರಡು ಮಿಲಿಮೀಟರ್ ಇದ್ದಿರಬಹುದು. ಯಾವುದೋ ಬೇಸಿಗೆಯಲ್ಲಿ ಹಿಮದ ಮೇಲ್ಮೈ ಕರಗಿ, ನೀರು ಇಳಿದು, ಮತ್ತೆ ಗಟ್ಟಿಯಾದ ಗುರುತು ಅದು. ಟಾರ್ಚ್ ಹಿಡಿದರೆ ಬೆಳಕು ನೇರ ಆಚೆಗೆ ಹಾಯುತ್ತಿತ್ತು. ಅಲ್ಲಿದ್ದ ನಾಲ್ಕೂ ಜನ ಸುಮ್ಮನೆ ನೋಡುತ್ತಾ ನಿಂತೆವು.

23ನೇ ತುಂಡಿನಲ್ಲಿ ನಾನು ತಪ್ಪು ಮಾಡಿದೆ. ಗಾಳಿ ಎದ್ದಿತ್ತು, ಟ್ರೇ ಮೇಲೆ ಪುಡಿ ಹಿಮ ಸುರಿಯುತ್ತಿತ್ತು. ತುಂಡನ್ನು ಎತ್ತಿ ಒರೆಸಿ ಮತ್ತೆ ಇಡುವಾಗ ಅದು ತಿರುಗಿತೋ ಇಲ್ಲವೋ ನನಗೇ ಗೊತ್ತಾಗಲಿಲ್ಲ. ಮೇಲು ಯಾವುದು ಎಂದು ತೋರಿಸುವ ಬಾಣ ಹಾಕಿರಲಿಲ್ಲ. ಎರಡೂ ತುದಿ ಮುರಿದಿದ್ದರಿಂದ ಪಕ್ಕದ ತುಂಡುಗಳಿಗೆ ಜೋಡಿಸಿ ನೋಡುವ ಹಾಗೂ ಇರಲಿಲ್ಲ. ತಲೆಕೆಳಗಾದ ತುಂಡು ಅಂದರೆ ಬೇಸಿಗೆ ಮೊದಲೋ ಚಳಿಗಾಲ ಮೊದಲೋ ಎಂಬುದೇ ಅದಲುಬದಲು. ಎದೆ ಧಸಕ್ಕೆಂದಿತು.

ದಾರಿ ತೋರಿಸಿದವರು ನಮ್ಮ ಡ್ರಿಲ್ ನೋಡಿಕೊಳ್ಳುತ್ತಿದ್ದ ಹಿರಿಯರು. "ಗಾಬರಿ ಬೇಡ, ಹಲ್ಲಿನ ಗುರುತು ನೋಡಿ" ಅಂದರು. ಡ್ರಿಲ್ಲಿನ ಬುಡದಲ್ಲಿ ಸಣ್ಣ ಕೊಕ್ಕೆಗಳಿರುತ್ತವೆ. ಮೇಲಕ್ಕೆ ಎಳೆದಾಗ ಅವು ಕೋರ್‌ಗೆ ಕಚ್ಚಿಕೊಂಡು ಅದನ್ನು ಮುರಿಯುತ್ತವೆ. ಕಚ್ಚಿದ ಗೀರು ಇರುವುದು ಕೆಳತುದಿಯಲ್ಲೇ. ಹುಡುಕಿದೆ. ಒಂದು ತುದಿಯಲ್ಲಿ ಉಗುರು ಊರಿದಂಥ ಮೂರು ಗೀರು. ಬಾಣ ಹಾಕಿದೆ, ನಡೆದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದೆ. ಅಂದಿನಿಂದ ತುಂಡು ಡ್ರಿಲ್ಲಿನಿಂದ ಪೂರ್ತಿ ಹೊರಗೆ ಬರುವ ಮೊದಲೇ ಬಾಣ ಬೀಳುತ್ತದೆ.

ಕೋರ್‌ಗಳು ಹಡಗಿನ ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಬಂದವು. ಲ್ಯಾಬಿನ ತಣ್ಣನೆ ಕೋಣೆಯಲ್ಲಿ ಉದ್ದಕ್ಕೆ ಗರಗಸದಿಂದ ಸೀಳಿ, ಹೊರಮೈ ತೆಗೆದು, ಒಳಗಿನದನ್ನು ಸಣ್ಣ ಸಣ್ಣ ತುಂಡು ಮಾಡಿ ಕರಗಿಸಿದೆವು. ಆಮ್ಲಜನಕದಲ್ಲೇ ತುಸು ಭಾರದ ಬಗೆಯೊಂದಿದೆ, ಅದು ಬೇಸಿಗೆಯ ಹಿಮದಲ್ಲಿ ಹೆಚ್ಚು, ಚಳಿಗಾಲದ್ದರಲ್ಲಿ ಕಡಿಮೆ. ಆ ಏರಿಳಿತವನ್ನು ಎಣಿಸಿದರೆ ವರ್ಷ ಸಿಗುತ್ತದೆ. ನಾನು ಮತ್ತು ನನ್ನ ಸಹೋದ್ಯೋಗಿ ಬೇರೆ ಬೇರೆ ಕೂತು ಎಣಿಸಿದೆವು. ಎರಡು ವರ್ಷ ವ್ಯತ್ಯಾಸ ಬಂತು. ಅವರು ಎರಡು ಬೇಸಿಗೆ ಅಂದ ಕಡೆ ನಾನು ಒಂದೇ ಅಂದಿದ್ದೆ. ಜಗಳ ಬಿಡಿಸಿದ್ದು ಜ್ವಾಲಾಮುಖಿ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಸಿಡಿದಾಗ ಎದ್ದ ಗಂಧಕದ ಅಂಶ ಅಂಟಾರ್ಕ್ಟಿಕಾದ ಹಿಮಕ್ಕೂ ಬಂದು ಬಿದ್ದಿದೆ. ಸಲ್ಫೇಟ್ ಗ್ರಾಫಿನಲ್ಲಿ ಅದು ಎದ್ದು ಕಾಣುತ್ತದೆ. ಅಲ್ಲಿಂದ ಮೇಲಕ್ಕೆ ಎಣಿಸಿದರೆ ಅವರ ಲೆಕ್ಕವೇ ಸರಿ. ಇನ್ನೂ ಕೆಳಗೆ ಬಾಲಿಯ ಆಗುಂಗ್ 1963ರಲ್ಲಿ ಸಿಡಿದ ಗುರುತು ಮತ್ತೊಂದು ಗೂಟವಾಯಿತು.

ಕಡಲ ಹಿಮದ ಸುದ್ದಿ ಬರುವುದು ಇನ್ನೊಂದು ದಾರಿಯಿಂದ. ವಸಂತದಲ್ಲಿ ಕಡಲ ಹಿಮ ಒಡೆದಾಗ ನೀರಿನಲ್ಲಿ ಕಣ್ಣಿಗೆ ಕಾಣದ ಸಸ್ಯಗಳು ಒಮ್ಮೆಲೇ ಹೆಚ್ಚುತ್ತವೆ. ಅವು ಬಿಡುವ ಗಂಧಕದ ಅನಿಲ ಗಾಳಿಯಲ್ಲಿ ಬದಲಾಗಿ, ಒಂದು ಬಗೆಯ ಆಮ್ಲವಾಗಿ ಹಿಮದ ಮೇಲೆ ಬೀಳುತ್ತದೆ. ಅದನ್ನೂ ಕಡಲ ಉಪ್ಪನ್ನೂ ಜೊತೆಗಿಟ್ಟು ನೋಡಿ ಆಯಾ ವರ್ಷ ಹಿಮ ಎಷ್ಟು ಹರಡಿತ್ತು ಎಂದು ಅಂದಾಜು ಮಾಡುತ್ತೇವೆ. ಎಲ್ಲ ಕಡೆಗೂ ಒಂದೇ ಸೂತ್ರ ಅಲ್ಲ, ಒಂದು ಕಡೆ ಹಿಮ ಹೆಚ್ಚಿದಾಗ ಆಮ್ಲ ಹೆಚ್ಚಿದರೆ ಇನ್ನೊಂದು ಕಡೆ ಕಡಿಮೆಯಾಗಬಹುದು. ಅದಕ್ಕೇ ಮೊದಲು ಉಪಗ್ರಹ ಇರುವ ವರ್ಷಗಳ ಜೊತೆ ಹೋಲಿಸಿ, ಹೊಂದಿದರೆ ಮಾತ್ರ ಹಿಂದಕ್ಕೆ ಹೋಗಬೇಕು. ಒಂದೇ ಕೋರ್ ಹಿಡಿದು ಇಡೀ ಖಂಡದ ಮಾತಾಡುವವರನ್ನು ನಾನು ನಂಬುವುದಿಲ್ಲ.

ಯಾಕೆ ಇಷ್ಟು ಒದ್ದಾಟ ಅಂತ ಕೇಳುವವರಿದ್ದಾರೆ. ತೇಲುವ ಹಿಮ ಕರಗಿದರೆ ಸಮುದ್ರ ಮಟ್ಟ ಹೆಚ್ಚೇನೂ ಏರದು ಅಲ್ವಾ? ನಿಜ. ಆದರೆ ಆ ಬಿಳಿ ಹೊದಿಕೆ ಹೋದರೆ ಕಪ್ಪು ಕಡಲು ಬಿಸಿಲನ್ನು ಕುಡಿಯುತ್ತದೆ, ತೆರೆಗಳು ನೇರ ಬಂದು ಹಿಮಹಾಸಿನ ಅಂಚಿಗೆ ಬಡಿಯುತ್ತವೆ. ಹಿಮಹಾಸು ತನ್ನ ಹಿಂದಿರುವ ನೆಲದ ಹಿಮ ಜಾರದಂತೆ ತಡೆದು ನಿಂತಿದೆ. 2002ರಲ್ಲಿ ಲಾರ್ಸೆನ್ ಬಿ ಹಿಮಹಾಸಿನ ಸುಮಾರು 3,250 ಚದರ ಕಿಲೋಮೀಟರ್ ಒಂದೇ ತಿಂಗಳ ಆಸುಪಾಸಿನಲ್ಲಿ ಪುಡಿಯಾಯಿತು, ಹಿಂದಿದ್ದ ಹಿಮನದಿಗಳು ಕೂಡಲೇ ವೇಗವಾಗಿ ಕಡಲಿಗೆ ಜಾರತೊಡಗಿದವು. ಅಂಟಾರ್ಕ್ಟಿಕಾದ ನೆಲದ ಮೇಲಿನ ಹಿಮವೆಲ್ಲ ಕರಗಿದರೆ ಸಮುದ್ರ ಮಟ್ಟ ಸುಮಾರು 58 ಮೀಟರ್ ಏರುತ್ತದೆ. ಅಷ್ಟೂ ಕರಗುವುದು ಇಂದು ನಾಳೆಯ ಮಾತಲ್ಲ. ಆದರೆ ಅದರಲ್ಲಿ ಒಂದು ಮೀಟರ್ ಬಂದರೂ ಕಡಲ ದಂಡೆಯ ಊರುಗಳಿಗೆ ಅದೇ ದೊಡ್ಡದು.

ಕೋರ್‌ನ ಅರ್ಧ ಭಾಗವನ್ನು ನಾವು ಕರಗಿಸಲಿಲ್ಲ. ಮುಂದೆ ಇನ್ನೂ ಒಳ್ಳೆಯ ಉಪಕರಣ ಇಟ್ಟುಕೊಂಡು ಬರುವವರಿಗಾಗಿ ಅದು ಮೈನಸ್ 20 ಡಿಗ್ರಿಯಲ್ಲಿ ಕಾಯುತ್ತಿದೆ. 23ನೇ ತುಂಡಿನ ಚೀಲದ ಮೇಲೆ ಬಾಣದ ಪಕ್ಕ ಒಂದು ಸಾಲು ಬರೆದಿಟ್ಟಿದ್ದೇನೆ: "ಕೊಕ್ಕೆಯ ಗೀರು ಕೆಳತುದಿಯಲ್ಲಿದೆ, ನೋಡಿ."