ತೊನ್ನಿನ ಜೊತೆ ನನ್ನ ದಿನಚರಿ

ನನಗೆ ತೊನ್ನು ಶುರುವಾದದ್ದು ಬೆರಳ ಗೆಣ್ಣುಗಳ ಮೇಲೆ. ಆಮೇಲೆ ಸೊಂಟ, ಮೊಣಕಾಲು, ಕಣ್ಣಿನ ಸುತ್ತ. ಚರ್ಮದ ಡಾಕ್ಟರು ಕತ್ತಲ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ಅತಿನೇರಳೆ ಬೆಳಕಿನ ದೀಪ ಹಿಡಿದು ನೋಡಿದಾಗ ಬರಿಗಣ್ಣಿಗೆ ಕಾಣದಿದ್ದ ಕಲೆಗಳೂ ಹೊಳೆದವು. ಸಮಾಧಾನ ಹೇಳುವವರು ಸುತ್ತ ಬೇಕಾದಷ್ಟು ಜನ ಇದ್ದರು. ಆದರೆ ಇದು ಯಾಕೆ ಬಂತು ಅಂತ ತಿಳಿದ ಮೇಲೆಯೇ ನನಗೆ ನೆಮ್ಮದಿಯಾದದ್ದು.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನೋಸೈಟ್ ಎಂಬ ಜೀವಕೋಶ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಅದರ ಮೇಲೆ ಬಿದ್ದು ಕೊಲ್ಲುತ್ತದೆ. ಇದು ಸೋಂಕಲ್ಲ, ಮುಟ್ಟಿದರೆ ಅಂಟುವುದಿಲ್ಲ. ಕುಷ್ಠಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ನನ್ನ ದಿನಚರಿ ಬದಲಾಗಿದ್ದು ಕೋಬ್ನರ್ ಪರಿಣಾಮದ ಬಗ್ಗೆ ತಿಳಿದಾಗ. ಚರ್ಮ ಗೀರಿದರೆ, ಉಜ್ಜಿದರೆ, ಒಂದೇ ಕಡೆ ಒತ್ತಿದರೆ ಅಲ್ಲಿ ಹೊಸ ಕಲೆ ಏಳಬಹುದು. ಸೊಂಟದ ಕಲೆ ಬಿಗಿ ಎಲಾಸ್ಟಿಕ್ಕಿನ ಗೆರೆಯಲ್ಲೇ ಯಾಕಿತ್ತು ಅನ್ನುವುದು ಆಗ ಗೊತ್ತಾಯಿತು. ಬಟ್ಟೆಯನ್ನು ಸಡಿಲ ಮಾಡಿಕೊಂಡೆ. ವಾಚಿನ ಪಟ್ಟಿಯನ್ನೂ ಅಷ್ಟೆ. ಮೈ ಉಜ್ಜುವ ಒರಟು ಬ್ರಷ್ ಬಿಟ್ಟೆ, ಸ್ನಾನವಾದ ಮೇಲೆ ಟವೆಲಿನಿಂದ ಒತ್ತಿ ಒರೆಸುತ್ತೇನೆ. ನೆಲಕ್ಕೆ ಮೊಣಕಾಲೂರುವ ಕೆಲಸವಿದ್ದರೆ ಮೆತ್ತನೆಯದೇನಾದರೂ ಹಾಸಿಕೊಳ್ಳುತ್ತೇನೆ. ಚಿಕ್ಕ ವಿಷಯಗಳು ಅನ್ನಿಸಬಹುದು, ಆದರೆ ಕಾಯಿಲೆ ಹರಡುತ್ತಿರುವಾಗ ನಮ್ಮ ಕೈಯಲ್ಲಿರುವುದು ಇವೇ ಅಲ್ವಾ?

ಚಿಕಿತ್ಸೆಗೆ ನಾನು ಆರಿಸಿಕೊಂಡದ್ದು ನ್ಯಾರೋಬ್ಯಾಂಡ್ ಯುವಿಬಿ ಎಂಬ ಅತಿನೇರಳೆ ಬೆಳಕು, ಜೊತೆಗೆ ರೋಗನಿರೋಧಕ ಶಕ್ತಿಯ ದಾಳಿಯನ್ನು ತಗ್ಗಿಸುವ ಟ್ಯಾಕ್ರೊಲಿಮಸ್ ಮುಲಾಮು. ಸುಮಾರು 311 ನ್ಯಾನೋಮೀಟರಿನ ಈ ಬೆಳಕನ್ನು ವಾರಕ್ಕೆ 2-3 ಸಲ ಕೊಡುತ್ತಾರೆ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ಕಣ್ಣಿನ ಪಕ್ಕದ ಬಿಳುಪಿನಲ್ಲಿ, ರಾಗಿ ಚೆಲ್ಲಿದ ಹಾಗೆ, ಕಂದು ಚುಕ್ಕೆಗಳು ಮೂಡಿದವು. ಒಂದೊಂದು ಚುಕ್ಕೆಯೂ ಒಂದು ಕೂದಲಿನ ಬುಡದ ಸುತ್ತ. ಬಣ್ಣದ ಕೋಶಗಳ ಬೀಜ ಉಳಿದಿರುವುದು ಅಲ್ಲೇ. ಬೆಳಕು ಬಿದ್ದಾಗ ಅವು ಎದ್ದು ಮೇಲೆ ಬರುತ್ತವೆ. ಹಾಗಾಗಿಯೇ ಮುಖ ಬೇಗ ಸ್ಪಂದಿಸುತ್ತದೆ. ಕೂದಲಿಲ್ಲದ ಬೆರಳ ತುದಿ, ತುಟಿ ಹಟ ಮಾಡುತ್ತವೆ. ಕಲೆಯೊಳಗಿನ ಕೂದಲೂ ಬೆಳ್ಳಗಾಗಿದ್ದರೆ ಬಣ್ಣ ಮರಳುವುದು ಕಷ್ಟ. ಈ ಮಾತನ್ನು ರೋಗಿಗೆ ಮೊದಲ ದಿನವೇ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲದಿದ್ದರೆ ಬೆರಳು ನೋಡಿ ನೋಡಿ ಬೇಜಾರಾಗಿ, ಮುಖಕ್ಕೆ ಕೆಲಸ ಮಾಡುತ್ತಿರುವ ಚಿಕಿತ್ಸೆಯನ್ನೂ ಜನ ಬಿಟ್ಟುಬಿಡುತ್ತಾರೆ. ನನ್ನ ಮುಖಕ್ಕೆ ಬಹುಪಾಲು ಬಣ್ಣ ಬಂದಿದೆ. ಬೆರಳುಗಳು ಬಿಳಿಯಾಗಿಯೇ ಇವೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ತೊನ್ನಿಗೆ ರಕ್ಸೊಲಿಟಿನಿಬ್ ಎಂಬ ಮುಲಾಮಿಗೆ ಒಪ್ಪಿಗೆ ಕೊಟ್ಟಿತು, 12 ವರ್ಷ ಮೇಲ್ಪಟ್ಟವರಿಗೆ. ಕಲೆಗಳು ಹರಡದೆ ನಿಂತಿದ್ದರೆ ಬಣ್ಣವಿರುವ ಚರ್ಮದಿಂದ ಕಸಿ ಮಾಡುವ ದಾರಿಯೂ ಇದೆ. ಆದರೆ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುವ ಸೋರಲೆನ್ ಇರುವ ಎಣ್ಣೆಯನ್ನು ಯಾರನ್ನೂ ಕೇಳದೆ ಹಚ್ಚಿಕೊಂಡು ಬಿಸಿಲಿಗೆ ಕೂರಬೇಡಿ, ದಯವಿಟ್ಟು. ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಆ ಗಾಯವೇ ಹೊಸ ಕಲೆಗೆ ಕಾರಣವಾಗಬಹುದು. ಬಿಳಿ ಚರ್ಮ ಸಾದಾ ಬಿಸಿಲಿಗೂ ಬೇಗ ಸುಡುತ್ತದೆ. ಹೊರಗೆ ಹೋಗುವಾಗ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರುವ ಸನ್‌ಸ್ಕ್ರೀನ್ ಹಚ್ಚುತ್ತೇನೆ.

ಜನ ನೋಡುತ್ತಾರೆ. ಮಕ್ಕಳು ನೇರವಾಗಿ ಕೇಳುತ್ತಾರೆ, ಅದು ನನಗಿಷ್ಟ. "ಇಲ್ಲಿ ಬಣ್ಣ ಹೋಗಿದೆ, ನೋವಿಲ್ಲ, ನಿನಗೆ ಅಂಟುವುದಿಲ್ಲ" ಅನ್ನುತ್ತೇನೆ. ಅವರಿಗೆ ಅಷ್ಟು ಸಾಕು. ಕೆಲವು ದಿನ ಬೆರಳಿಗೆ ಬಣ್ಣ ಹೊಂದಿಸುವ ಕ್ರೀಮ್ ಹಚ್ಚುತ್ತೇನೆ, ಕೆಲವು ದಿನ ಸುಮ್ನೆ ಹೊರಡುತ್ತೇನೆ. ಎರಡೂ ನನ್ನದೇ ಆಯ್ಕೆ.

ಹೊಸದಾಗಿ ಕಲೆ ಕಂಡವರು ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ತೊನ್ನು ಇರುವವರಲ್ಲಿ ಆ ತೊಂದರೆ ಜಾಸ್ತಿ. ಜೊತೆಗೆ ಒಂದೇ ಜಾಗ, ಒಂದೇ ಬೆಳಕಿನಲ್ಲಿ ಆಗಾಗ ಕಲೆಗಳ ಫೋಟೋ ತೆಗೆದಿಡಿ. ಬದಲಾವಣೆ ನಿಧಾನ, ದಿನವೂ ಕನ್ನಡಿ ನೋಡುವವರಿಗೆ ಅದು ಕಾಣುವುದಿಲ್ಲ. ಚಿಕಿತ್ಸೆ ಮುಂದುವರಿಸಬೇಕೋ ಬದಲಿಸಬೇಕೋ ಅಂತ ಡಾಕ್ಟರ ಜೊತೆ ಮಾತಾಡುವಾಗ ಆ ಫೋಟೋಗಳನ್ನೇ ಮುಂದಿಡಿ.