ಮುಸ್ತಫಾ ಇಲ್ಲದ ಮುಸ್ತಫಾ ಪೆಟ್ಟಿಗೆ

ಗುಜರಿ ಅಂಗಡಿಯಲ್ಲಿ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಯೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಬೆನ್ನು ಮಾತ್ರ ಕಾಣುತ್ತಿದ್ದರೂ ನನಗೆ ಗುರುತು ಸಿಕ್ಕಿತು. ಶಾಲೆ ತಪ್ಪಿಸಿ ವಿಡಿಯೊ ಗೇಮ್ ಅಂಗಡಿಗೆ ನುಗ್ಗುತ್ತಿದ್ದ ಕಾಲದಲ್ಲಿ, ಜೇಬಿನಲ್ಲಿ ಟೋಕನ್ ಇಲ್ಲದ ದಿನ, ನಾವು ಹುಡುಗರು ಇಂಥ ಪೆಟ್ಟಿಗೆಯ ಬೆನ್ನಿಗೇ ಒರಗಿ ಇನ್ನೊಬ್ಬರ ಮುಸ್ತಫಾ ಆಟದ ಸದ್ದು ಕೇಳುತ್ತಿದ್ದೆವು. "ಏನು ಸಾರ್, ಬೀರು ಮಾಡಿಕೊಳ್ಳುತ್ತೀರಾ?" ಎಂದರು ಅಂಗಡಿಯವರು. 4,500 ರೂಪಾಯಿಗೆ ಇತ್ಯರ್ಥವಾಯಿತು. ಮೈಸೂರಿನ ಆ ತುದಿಯಿಂದ ಈ ತುದಿಗೆ ಲಗೇಜ್ ಆಟೊ ಬಾಡಿಗೆ ಬೇರೆ.

ಮನೆಯಲ್ಲಿ ಹಿಂದಿನ ಬಾಗಿಲು ತೆಗೆದರೆ ಒಳಗೆ ಮೂರು ಹಿತ್ತಾಳೆ ಟೋಕನ್, ಒಂದು ಐವತ್ತು ಪೈಸೆ, ಇಲಿ ಹಿಕ್ಕೆ, ಪಿಕ್ಚರ್ ಟ್ಯೂಬ್. ಆಟವನ್ನೇ ಹೊತ್ತಿರುವ ಸರ್ಕ್ಯೂಟ್ ಹಲಗೆ, ಅಂದರೆ ಗೇಮ್ ಬೋರ್ಡ್, ಇರಲಿಲ್ಲ. ಯಾರೋ ಎಂದೋ ಬಿಚ್ಚಿ ಮಾರಿದ್ದರು. ಆದರೆ ಬೋರ್ಡಿಗೆ ಹೋಗುತ್ತಿದ್ದ ತಂತಿಗಳ ಜಡೆ ಹಾಗೇ ಇತ್ತು. ಅದರ ತುದಿಯಲ್ಲಿ 56 ಸಂಪರ್ಕಗಳ ಉದ್ದನೆಯ ಕನೆಕ್ಟರ್. ಇದೇ ಜಾಮಾ. 1985ರಲ್ಲಿ ಜಪಾನಿನ ಆಟದ ಯಂತ್ರ ತಯಾರಕರ ಸಂಘ ತಂದ ಕಟ್ಟಳೆ: ವಿದ್ಯುತ್ತು, ಚಿತ್ರ, ಧ್ವನಿ, ಗುಂಡಿ, ನಾಣ್ಯ ಎಲ್ಲಕ್ಕೂ ಗೊತ್ತಾದ ಜಾಗ. ಒಂದು ಆಟದ ಬೋರ್ಡ್ ಕಿತ್ತು ಇನ್ನೊಂದು ಸಿಕ್ಕಿಸಿದರೆ ಪೆಟ್ಟಿಗೆ ಹೊಸ ಆಟ ಆಡಿಸುತ್ತದೆ. ಇಂಥ ಪೆಟ್ಟಿಗೆ ಕೊಂಡವರಲ್ಲಿ ಅನೇಕರು ಮೊದಲು ಮಾಡುವ ಕೆಲಸ ಈ ಜಡೆಯನ್ನು ಕತ್ತರಿಸಿ ಎಸೆಯುವುದು. ನಾನು ಎಸೆಯಲಿಲ್ಲ. ಅದೊಂದು ವಿಷಯದಲ್ಲಿ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಪಿಕ್ಚರ್ ಟ್ಯೂಬಿಗೆ ಮಾತ್ರ ನಾನು ಕೈ ಹಾಕಲಿಲ್ಲ. ನಮ್ಮ ಬಡಾವಣೆಯಲ್ಲಿ ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದ ಹಿರಿಯರೊಬ್ಬರಿದ್ದಾರೆ, ಅವರನ್ನು ಕರೆತಂದೆ. ಬಣ್ಣದ ಟ್ಯೂಬಿನ ಬದಿಯಲ್ಲಿರುವ ರಬ್ಬರ್ ಟೋಪಿಯ ಅಡಿಯಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಹೆಚ್ಚು ಇರುತ್ತದೆ; ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಕೂತಿರಬಹುದು. ಅವರು ಉದ್ದ ಹಿಡಿಯ ಸ್ಕ್ರೂಡ್ರೈವರಿಗೆ ದಪ್ಪ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ಟ್ಯೂಬಿನ ಹೊರಮೈಗೆ ಬಿಗಿದ ಹೆಣೆದ ತಂತಿಗೆ ಸಿಕ್ಕಿಸಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಟೋಪಿಯ ಅಂಚಿನಿಂದ ಮೊನೆ ತೂರಿಸಿದರು. ಚಟ್ ಎಂದಿತು. ಮುಗಿಯಿತೆಂದು ನಾನು ಮುಂದೆ ಬಾಗಿದೆ. "ಅವಸರ ಮಾಡಬೇಡಪ್ಪ, ಇದು ಮತ್ತೆ ತುಂಬಿಕೊಳ್ಳುತ್ತದೆ" ಎಂದು ಕಾಫಿ ಕುಡಿದು, ಇನ್ನೊಮ್ಮೆ ಮುಟ್ಟಿಸಿದರು. ಮತ್ತೆ ಸಣ್ಣದೊಂದು ಚಟ್! ಇದನ್ನು ಓದಿ ಕಲಿಯಬಹುದು ಎಂದುಕೊಂಡಿದ್ದವನು ನಾನು.

ಆಮೇಲೆ ಅವರೇ ಟ್ಯೂಬನ್ನು ಪರೀಕ್ಷಿಸಿ, ಕೆಂಪು ಬಣ್ಣ ಮೂಡಿಸುವ ಗನ್ ಸತ್ತಿದೆ ಎಂದರು. ಕಚೇರಿಗಳಿಂದ ಹೊರಬಿದ್ದ 19 ಇಂಚಿನ ಚೌಕ ಮಾನಿಟರ್ ಒಂದು ತಂದು ಕೂರಿಸಿದೆ. ಅದರ ಅಗಲ-ಎತ್ತರದ ಅನುಪಾತ 5:4, ಹಳೆಯ ಆಟಗಳದ್ದು 4:3, ಹೀಗಾಗಿ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿಯುತ್ತದೆ. ಮುಂದೆ ಕಪ್ಪು ಛಾಯೆಯ ಅಕ್ರಿಲಿಕ್ ಹಾಕಿದ ಮೇಲೆ ಪಟ್ಟಿ ಕಾಣುವುದಿಲ್ಲ. ಟ್ಯೂಬಿನ ಹೊಳಪು ಬಂತೇ? ಇಲ್ಲ. ಸೀಸ ಬೆರೆತ ಗಾಜನ್ನು ಕಸಕ್ಕೆ ಹಾಕುವಂತಿಲ್ಲವಾದ್ದರಿಂದ ಟ್ಯೂಬನ್ನು ಅವರೇ ಒಯ್ದರು.

ಮರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಬುಡದ ನಾಲ್ಕು ಇಂಚು ಗೆದ್ದಲಿನ ಪಾಲಾಗಿತ್ತು. ಆಚಾರಿಯವರು ಪೂರ್ತಿ ಕತ್ತರಿಸಿ ತೆಗೆದು, ಗೆದ್ದಲಿನ ಔಷಧ ಬಳಿದು, ಹೊಸ ಪ್ಲೈವುಡ್ ತಳ ಕೂರಿಸಿದರು. ಎತ್ತರ ಕಡಿಮೆಯಾಯಿತೆಂದು ನಾನು ಪೇಚಾಡುತ್ತಿದ್ದರೆ, ಹತ್ತು ವರ್ಷದ ಮಗಳು ಸ್ಟೂಲ್ ಇಲ್ಲದೆ ಗುಂಡಿಗಳ ಮುಂದೆ ನಿಂತಿದ್ದಳು.

ನಿಜವಾದ ಸೆಣಸಾಟ ಶುರುವಾದದ್ದು ಗುಂಡಿಗಳ ಹಲಗೆಯಲ್ಲಿ. ಹಳೆಯ ತಗಡು ತುಕ್ಕು ಹಿಡಿದಿತ್ತು. ಉಳಿದ 18 ಮಿಲಿಮೀಟರ್ ಪ್ಲೈವುಡ್ಡಿನಲ್ಲೇ ಹೊಸ ಹಲಗೆ ಮಾಡಿ, ಆಟಗಾರನಿಗೆ ಆರರಂತೆ 30 ಮಿಲಿಮೀಟರ್ ತೂತು ಕೊರೆಸಿದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದ ಗುಂಡಿಗಳು ಒತ್ತಿದರೆ ಕಚ್ಚಿಕೊಳ್ಳುವ ಬಗೆಯವು. ಅವುಗಳ ಹಲ್ಲು ಹಿಡಿಯುವುದು ತೆಳು ತಗಡನ್ನು ಮಾತ್ರ. ದಪ್ಪ ಮರಕ್ಕೆ ತಿರುಪಿನ ಗುಂಡಿ ಬೇಕು. ಜಾಯ್‌ಸ್ಟಿಕ್ಕಿನ ದಂಡವಂತೂ ಮರದ ದಪ್ಪದೊಳಗೇ ಅರ್ಧ ಮುಳುಗಿ, ಹಿಡಿದರೆ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಗುಬುಟು ಹಿಡಿದಂತಿತ್ತು. ಎರಡು ದಿನ ಮೊಂಡುತನ ಮಾಡಿ, ಮೂರನೆಯ ದಿನ ವೆಲ್ಡಿಂಗ್ ಅಂಗಡಿಗೆ ಹೋಗಿ 2 ಮಿಲಿಮೀಟರ್ ತಗಡಿನಲ್ಲಿ ಮಾಡಿಸಿಕೊಂಡು ಬಂದೆ. ಈ ಪೆಟ್ಟಿಗೆಗೆ ಖರ್ಚು ಮಾಡಿದ್ದರಲ್ಲಿ ಸಾರ್ಥಕವಾದದ್ದು ಆ ತಗಡಿನ ದುಡ್ಡೇ. ಪರದೆ ಯಾವುದಾದರೂ ನಡೆದೀತು, ಹಿಡಿಕೆ ಮತ್ತು ಗುಂಡಿ ಕೈಗೆ ಒಗ್ಗದಿದ್ದರೆ ಅದು ಆಟದ ಪೆಟ್ಟಿಗೆಯೇ ಅಲ್ಲ.

ಗುಂಡಿಯ ಅಡಿಯಲ್ಲಿ ಇರುವುದು ಪುಟ್ಟ ಮೈಕ್ರೊಸ್ವಿಚ್. ಅದಕ್ಕೆ ಮೂರು ಕಾಲು: ಒಂದು ಎಲ್ಲಕ್ಕೂ ಸೇರಿದ್ದು, ಒಂದು ಒತ್ತಿದಾಗ ಸೇರಿಕೊಳ್ಳುವುದು, ಇನ್ನೊಂದು ಒತ್ತಿದಾಗ ಬಿಟ್ಟುಕೊಳ್ಳುವುದು. ರಾತ್ರಿ ಹನ್ನೊಂದರಲ್ಲಿ ಕನ್ನಡಕವಿಲ್ಲದೆ ಕೂತು ಮೊದಲನೆಯ ಆಟಗಾರನ ಆರೂ ಗುಂಡಿಗಳನ್ನು ಮೂರನೆಯ ಕಾಲಿಗೆ ಜೋಡಿಸಿದ್ದೆ. ಚಾಲೂ ಮಾಡಿದರೆ ಯಾರೂ ಮುಟ್ಟದೆಯೇ ಎಲ್ಲ ಗುಂಡಿಗಳೂ ಒತ್ತಿಕೊಂಡಿದ್ದವು, ಒತ್ತಿದರೆ ಬಿಡುತ್ತಿದ್ದವು. ಗುಂಡಿಯ ಒತ್ತನ್ನು ಕಂಪ್ಯೂಟರಿಗೆ ಮುಟ್ಟಿಸುವ ಯುಎಸ್‌ಬಿ ಎನ್‌ಕೋಡರ್ ಕೆಟ್ಟಿದೆ ಎಂದು ಅದನ್ನು ಮಾರಿದವನಿಗೆ ಮನಸ್ಸಿನಲ್ಲೇ ಬೈದು ಮಲಗಿದೆ. ಬೆಳಿಗ್ಗೆ ಬಿಸಿಲಿನಲ್ಲಿ ನೋಡಿದಾಗ ಬೈಗುಳ ವಾಪಸು ತೆಗೆದುಕೊಳ್ಳಬೇಕಾಯಿತು.

ಜಾಮಾ ಜಡೆಯನ್ನು ಕತ್ತರಿಸದೆ ಉಳಿಸಲು ಒಂದು ಉಪಾಯ ಮಾಡಿದೆ. ಕನೆಕ್ಟರಿನೊಳಗೆ ಹೋಗುವ ಬೋಳು ಸರ್ಕ್ಯೂಟ್ ಪಟ್ಟಿ ಸಿಗುತ್ತದೆ. ಅದಕ್ಕೆ ತಂತಿ ಬೆಸೆದು ಎನ್‌ಕೋಡರಿಗೆ ಕೊಟ್ಟೆ. ಜಾಮಾದಲ್ಲಿ ಒಬ್ಬ ಆಟಗಾರನಿಗೆ ಇರುವುದು ಮೂರೇ ಗುಂಡಿ. ಉಳಿದ ಮೂರಕ್ಕೆ ಬೇರೆ ತಂತಿ ಎಳೆದೆ.

ಕಂಪ್ಯೂಟರ್ ಭಾಗ ಒಂದು ಸಂಜೆಯ ಕೆಲಸ, ಆದರೆ ನಾನು ಅದನ್ನು ಎರಡು ಸಲ ಮಾಡಿದೆ. ಮೊದಲು ಹಾಕಿದ್ದು ಅಂಗೈಯಷ್ಟೇ ದೊಡ್ಡ ಕಂಪ್ಯೂಟರ್, ರಾಸ್‌ಬೆರಿ ಪೈ 4. ಪೆಟ್ಟಿಗೆಗೆ ವಿದ್ಯುತ್ತು ಒದಗಿಸುವ ಹಳೆಯ ಎಸ್‌ಎಂಪಿಎಸ್‌ನಿಂದಲೇ 5 ವೋಲ್ಟ್ ಕೊಟ್ಟರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು. ವೋಲ್ಟೇಜ್ ಸುಮಾರು 4.63ಕ್ಕಿಂತ ಇಳಿದರೆ ಪೈ ಹೀಗೆ ದೂರು ಹೇಳುತ್ತದೆ. ಅಳೆದರೆ ಎಸ್‌ಎಂಪಿಎಸ್ ಬಾಯಲ್ಲಿ 5, ಸಪೂರ ತಂತಿ ದಾಟಿ ಪೈ ತಲಪುವಾಗ 4.5. ಅದರದೇ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಹಾಕಿದ ಮೇಲೆ ಮಿಂಚು ಹೋಯಿತು.

ಎರಡನೆಯ ಸಲ ಪೈಯನ್ನೇ ತೆಗೆದೆ. 1997ರಿಂದ ಇರುವ ಮೇಮ್ ಎಂಬ ಎಮ್ಯುಲೇಟರ್, ಅಂದರೆ ಹಳೆಯ ಆಟದ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ, ಉಚಿತ, ನಿರ್ದೋಷಿ. ಆದರೆ ಅದರೊಳಗೆ ಓಡುವ ಆಟಗಳು ಬಹುಪಾಲು ಇನ್ನೊಬ್ಬರ ಸ್ವತ್ತು. ಮೇಮ್ ತಂಡವೇ ಅನುಮತಿ ಪಡೆದು ಕೊಡುವ ಆಟಗಳು ಕೆಲವೇ ಕೆಲವು. ಮಗಳಿಗೆ ಪೆನ್ಸಿಲ್ ಕದಿಯಬಾರದೆಂದು ಹೇಳಿ ಪೆಟ್ಟಿಗೆಯ ತುಂಬ ಕದ್ದ ಆಟ ತುಂಬುವುದು ನನಗೆ ಹಿಡಿಸಲಿಲ್ಲ. ಕ್ಯಾಪ್‌ಕಾಮ್ ಕಂಪನಿ 2018ರಲ್ಲಿ ತನ್ನ ಹಳೆಯ ಸ್ಟ್ರೀಟ್ ಫೈಟರ್ ಆಟಗಳ ಒಂದು ಕಟ್ಟನ್ನೂ, ಫೈನಲ್ ಫೈಟ್ ಮುಂತಾದ ಹೊಡೆದಾಟಗಳ ಇನ್ನೊಂದು ಕಟ್ಟನ್ನೂ ಮಾರಾಟಕ್ಕೆ ಬಿಟ್ಟಿತು. ಅವು ವಿಂಡೋಸ್‌ನಲ್ಲಿ ಓಡುವಂಥವು. ಹಾಗಾಗಿ ಪೈ ಜಾಗಕ್ಕೆ ಹಳೆಯ ಪುಟ್ಟ ಡೆಸ್ಕ್‌ಟಾಪ್ ಬಂದಿತು.

ತೊಡಕು ಎದುರಾದದ್ದು ಇಲ್ಲಿಯೇ. ಮನೆಗೆ ಬಂದ ನನ್ನ ವಯಸ್ಸಿನವರೆಲ್ಲ ಕೇಳುವುದು ಒಂದೇ: "ಮುಸ್ತಫಾ ಹಾಕು." ನಾವು ಯಾರೂ ಆ ಆಟದ ಹೆಸರನ್ನು ಓದಿದವರಲ್ಲ, ಅದರಲ್ಲಿನ ಒಂದು ಪಾತ್ರದ ಹೆಸರನ್ನೇ ಆಟಕ್ಕೆ ಇಟ್ಟಿದ್ದೆವು. ನಿಜನಾಮ ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್, ಕ್ಯಾಪ್‌ಕಾಮಿನದೇ, 1993ರದು. ಮಾರ್ಕ್ ಶುಲ್ಟ್ಸ್ ಅವರ ಕಾಮಿಕ್ಸ್ ಮೇಲೆ ನಿಂತ ಆಟ ಅದು. ನಾನು ಕೊಂಡ ಎರಡು ಕಟ್ಟುಗಳಲ್ಲೂ ಅದು ಇಲ್ಲ. ಮುಸ್ತಫಾಗಾಗಿಯೇ ಪೆಟ್ಟಿಗೆ ಕಟ್ಟಿದವನ ಮನೆಯಲ್ಲಿ ಮುಸ್ತಫಾ ಇಲ್ಲ!

ಉಳಿದಿರುವುದು ಮೂಲ ಬೋರ್ಡ್ ಹುಡುಕುವ ದಾರಿ. ಅದು ಸಿಕ್ಕರೆ ಜಡೆಗೆ ನೇರ ಸಿಕ್ಕಿಸಬಹುದು, ಕತ್ತರಿಸದೆ ಉಳಿಸಿಕೊಂಡದ್ದು ಅದಕ್ಕೇ. ಈ ಮಾನಿಟರಿಗೆ ನಡುವೆ ಒಂದು ಪರಿವರ್ತಕ ಬೋರ್ಡ್ ಬೇಕಾಗುತ್ತದೆ, ಏಕೆಂದರೆ ಹಳೆಯ ಬೋರ್ಡಿನ ಚಿತ್ರ ಬರುವುದು ಹದಿನೈದು ಕಿಲೊಹರ್ಟ್ಸ್ ಆಸುಪಾಸಿನಲ್ಲಿ, ಕಂಪ್ಯೂಟರ್ ಮಾನಿಟರುಗಳು ಸಾಮಾನ್ಯವಾಗಿ ಅಷ್ಟು ಕಡಿಮೆ ಆವರ್ತನವನ್ನು ಹಿಡಿಯುವುದಿಲ್ಲ. ಭಯ ಇರುವುದು ಬೇರೆ ಕಡೆ: ಆ ಬೋರ್ಡಿನೊಳಗೆ ಒಂದು ಬ್ಯಾಟರಿ ಇದೆ. ಆಟದ ಒಂದು ಭಾಗ ಇರುವುದು ಗೂಢಲಿಪಿಯಲ್ಲಿ; ಅದನ್ನು ಬಿಡಿಸುವ ಕೀಲಿಯನ್ನು ಬೋರ್ಡ್ ನೆನಪಿಟ್ಟುಕೊಳ್ಳುವುದು ಈ ಬ್ಯಾಟರಿಯ ಬಲದಿಂದ. ಬ್ಯಾಟರಿ ಸತ್ತರೆ ಬೋರ್ಡೂ ಸತ್ತಂತೆ.

ಮೊನ್ನೆ ಒಂದು ಬೋರ್ಡಿನ ಫೋಟೊ ಬಂದಿದೆ. ಬ್ಯಾಟರಿಯ ಸುತ್ತ ಹಸಿರು ಕಿಲುಬು ಕಟ್ಟಿರುವಂತೆ ಕಾಣುತ್ತದೆ. ಆದರೂ ಬೆಲೆ ಕೇಳಿದ್ದೇನೆ.