ಕಾದಾಟದ ತಳಿಯ ನಾಯಿಯ ಸ್ವಭಾವ ಮತ್ತು ದಮ್ಮನ್ನು ಅಳೆಯುವ ಬಗೆ

ಮಂಗಳೂರು, ಉಡುಪಿಯ ಮನೆಗಳಲ್ಲಿ ಪಿಟ್‌ಬುಲ್ ಎಂದು ಕರೆಸಿಕೊಳ್ಳುವ ನಾಯಿಗಳೆಲ್ಲ ಒಂದೇ ತಳಿಯವಲ್ಲ. ಹಾಗಾಗಿ ನಿಮ್ಮ ಅಂಗಳದಲ್ಲಿರುವುದು ಯಾವುದೆಂದು ಮೊದಲು ಗುರುತಿಸಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಗೂಳಿಯ ಮೇಲೆ ನಾಯಿ ಬಿಡುವ ಆಟವನ್ನು 1835ರ ಕಾಯ್ದೆ ನಿಷೇಧಿಸಿದ ಬಳಿಕ ನಾಯಿಕಾಳಗ ಹೆಚ್ಚಿತು. ಅದಕ್ಕೆ ಬಳಸುತ್ತಿದ್ದ ಬುಲ್‌ಡಾಗ್ ಮತ್ತು ಟೆರಿಯರ್ ಬೆರಕೆಯ ವಂಶದಿಂದಲೇ ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಮತ್ತು ಅಮೆರಿಕನ್ ಪಿಟ್ ಬುಲ್ ಟೆರಿಯರ್ ಬಂದವು. ಇವುಗಳ ಮೈ ಬಿಗಿ, ತೂಕ ಮಿತ, ದಮ್ಮು ದೀರ್ಘ. 1990ರ ದಶಕದಲ್ಲಿ ರೂಪುಗೊಂಡ ಅಮೆರಿಕನ್ ಬುಲ್ಲಿಯಾದರೋ ಅಗಲ ಎದೆಯ, ಗಿಡ್ಡ ಕಾಲಿನ ನಾಯಿ. ನೋಡಲು ಹೆಚ್ಚು ಭಯಂಕರವಾದರೂ ಬೇಗ ಏದುಸಿರು ಬಿಡುತ್ತದೆ. ಜಪಾನಿನ ಕೋಚಿ ಪ್ರಾಂತ್ಯದ ಟೋಸಾ ಭಾರೀ ಗಾತ್ರದ್ದು. ಗುರುಗುಟ್ಟದೆ ಕಾದಾಡುವಂತೆ ಅದನ್ನು ಬೆಳೆಸಿರುವುದರಿಂದ ಸದ್ದನ್ನಲ್ಲ, ಮೈಯ ಬಿಗಿತವನ್ನು ಗಮನಿಸಬೇಕು.

ಸ್ವಭಾವ ನೋಡುವಾಗ ಬೇರೆ ನಾಯಿಯ ಮೇಲಿನ ಸಿಟ್ಟನ್ನೂ ಮನುಷ್ಯರ ಮೇಲಿನ ಸಿಟ್ಟನ್ನೂ ಒಂದೇ ಎಂದು ಭಾವಿಸಬಾರದು. ಕಾಳಗದ ನಡುವೆ ನಾಯಿಯನ್ನು ಕೈಯಿಂದ ಹಿಡಿದು ಬಿಡಿಸಬೇಕಾಗಿದ್ದ ಕಾರಣ ಯಜಮಾನನಿಗೆ ಕಚ್ಚುವ ನಾಯಿ ಕಾಳಗ ನಡೆಸುವವರಿಗೂ ಬೇಡವಾಗಿತ್ತು. ಆದರೆ ಇದನ್ನೇ ಭರವಸೆ ಎಂದು ಹಿಡಿಯಬೇಡಿ. ನಾಯಿಗಳ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇಕಡಾ 9 ಮಾತ್ರವೆಂದು 2022ರ ದೊಡ್ಡ ಅಧ್ಯಯನವೊಂದು ಕಂಡುಕೊಂಡಿತು. ಕೋಳಿ ಅಂಕದಲ್ಲಿ ಬಣ್ಣ ನೋಡಿ ಬಲಾಬಲ ಲೆಕ್ಕ ಹಾಕುವಂತೆ ತಳಿಯ ಹೆಸರಿನಿಂದ ನಾಯಿಯನ್ನು ನಿರ್ಣಯಿಸಲಾಗದು. ಶಾಂತ ಸ್ವಭಾವದ ಇನ್ನೊಂದು ನಾಯಿಯನ್ನು ಸಾಕಷ್ಟು ದೂರದಲ್ಲಿ ನಡೆಸಿ, ನಿಮ್ಮದು ಬಾಯಿ ಮುಚ್ಚಿ, ಬಾಲ ಸೆಟೆದು, ದೃಷ್ಟಿ ಕದಲಿಸದೆ ನಿಲ್ಲುತ್ತದೆಯೇ ನೋಡಿ. ಹಾಗಿದ್ದರೆ ಅಂತರ ಇನ್ನೂ ಹೆಚ್ಚಿರಲಿ. ಒಂದರಿಂದ ಮೂರು ವರ್ಷದ ನಡುವೆ ಈ ಅಸಹನೆ ಹೊಸದಾಗಿ ತಲೆದೋರಬಹುದಾದ್ದರಿಂದ ಮರಿಯ ಸ್ನೇಹ ಕೊನೆಯ ತೀರ್ಪಲ್ಲ. ಬೀದಿನಾಯಿಗಳು ಅಲೆದಾಡುವ ಮಲ್ಪೆ, ಪಣಂಬೂರು ಕಡಲತೀರದಲ್ಲಿ ಇದನ್ನು ಸಡಿಲ ಬಿಡಬಾರದು. ಬಾಯಿ ತೆರೆದು ಉಸಿರಾಡಲು ಜಾಗವಿರುವ ಬುಟ್ಟಿ ಮಾದರಿಯ ಬಾಯಿಕುಕ್ಕೆಯನ್ನು ಮನೆಯಲ್ಲೇ ರೂಢಿ ಮಾಡಿಸಿ. ‘ಪರೀಕ್ಷೆ’ಗೆಂದು ಎರಡು ನಾಯಿಗಳನ್ನು ಕೆಣಕಿ ಬಿಡುವುದು ಕ್ರೌರ್ಯ, ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ.

ದಮ್ಮಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಬಲ, ಉಸಿರಿನ ತಾಳಿಕೆ ಮತ್ತು ಹಠ ಈ ಮೂರನ್ನು ಬೆರೆಸಿದಾಗ. ಓಟಕ್ಕೆ ಬೆಳೆಸಿದ ಗ್ರೇಹೌಂಡ್ ಮತ್ತು ಕಾದಾಟಕ್ಕೆ ಬೆಳೆಸಿದ ಪಿಟ್‌ಬುಲ್‌ಗಳ ಕಾಲಿನ ಸ್ನಾಯುಗಳನ್ನು ಹೋಲಿಸಿದ 2003ರ ಅಧ್ಯಯನದ ಪ್ರಕಾರ ಓಟದ ನಾಯಿಯ ಕಾಲಿನ ಕೆಳಭಾಗ ಹಗುರ. ಅದರ ಹಿಂಗಾಲಿನ ಸ್ನಾಯುರಜ್ಜುಗಳು ಪುಟಿಯುವ ಶಕ್ತಿಯನ್ನು ಹೆಚ್ಚು ಕೂಡಿಟ್ಟುಕೊಳ್ಳುತ್ತವೆ. ಕಾದಾಟದ ನಾಯಿಗೆ ಆ ಅನುಕೂಲವಿಲ್ಲ. ಆದರೂ ಅದು ಓಡುತ್ತಲೇ ಇರುತ್ತದೆ, ಏಕೆಂದರೆ ಬಿಟ್ಟುಕೊಡದ ಹಠಕ್ಕಾಗಿಯೇ ಈ ವಂಶವನ್ನು ಆರಿಸಿ ಬೆಳೆಸಲಾಗಿದೆ. ಆಟ ನಿಲ್ಲಿಸಬೇಕಾದವರು ನೀವೇ ಹೊರತು ನಾಯಿಯಲ್ಲ.

ಮೊದಲು ಅದು ನಿದ್ರಿಸುತ್ತಿರುವಾಗ ಉಸಿರನ್ನು ಎಣಿಸಿ, ನಿಮಿಷಕ್ಕೆ 30ರೊಳಗಿರಬೇಕು. ಬಳಿಕ ಬಿಸಿಲೇರುವ ಮುನ್ನ 15 ನಿಮಿಷ ನಡೆಸಿ ನೆರಳಿನಲ್ಲಿ ಕೂರಿಸಿ, ಹತ್ತು ನಿಮಿಷ ಕಳೆದರೂ ಜೋರಾದ ಏದುಸಿರು ಇಳಿಯದಿದ್ದರೆ ಮರುದಿನದ ನಡಿಗೆಯನ್ನು ಕಡಿಮೆ ಮಾಡಿ. ನಾಯಿ ಮೈ ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನ ಮೂಲಕ ತೇವ ಆರಿಸಿ; ಕರಾವಳಿಯ ಸೆಕೆಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಘಟ್ಟದ ಮೇಲೆ ಒಂದು ತಾಸು ನಡೆಯಬಲ್ಲ ನಾಯಿ ಇಲ್ಲಿ ಅರ್ಧಕ್ಕೇ ಬಸವಳಿಯಬಹುದು. ನಾಲಗೆ ಅಗಲವಾಗಿ ಜೋತುಬಿದ್ದು, ವಸಡು ಕಡುಗೆಂಪಾಗಿ, ಜೊಲ್ಲು ಅಂಟಂಟಾದರೆ ಕೂಡಲೇ ನಿಲ್ಲಿಸಿ, ಬಾವಿಯ ನೀರು ಸುರಿದು ಗಾಳಿ ಹಾಕಿ. ಮೈ ಶಾಖ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ರಾಣಾಪಾಯ. ತಣ್ಣಗೆ ಮಾಡುತ್ತಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.

ನಿನ್ನೆಯವರೆಗೆ ಚುರುಕಾಗಿದ್ದ ನಾಯಿಯ ದಮ್ಮು ದಿಢೀರನೆ ಕುಗ್ಗಿದರೆ ಅದನ್ನು ಸೋಮಾರಿತನ ಎನ್ನದೆ ಉಣ್ಣಿಯಿಂದ ಬರುವ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಬೇಕು. ಮಳೆಗಾಲದಲ್ಲಿ ನಡಿಗೆ ತಪ್ಪಿದ ದಿನ ಚಾವಡಿಯಲ್ಲಿ ತಿಂಡಿ ಅಡಗಿಸಿಟ್ಟು ಮೂಸಿ ಹುಡುಕಲು ಬಿಡಿ. ಹಗ್ಗ ಎಳೆದಾಡುವ ಆಟಕ್ಕಿಂತ ಇದು ಇಂಥ ನಾಯಿಯನ್ನು ಬೇಗ ಶಾಂತಗೊಳಿಸುತ್ತದೆ.